‘ಇಂಜಿನ್ ಆರಿಸಿ’ ಎಂದರೆ ಏನು ಮಾಡಬೇಕು?

ಬಲ್ಲವರಲ್ಲಿ ಒಂದು ಪ್ರಶ್ನೆ. ‘ಇಂಜಿನ್ ಆರಿಸಿ’ ಎಂದು ಯಾರಾದರೂ ಹೇಳಿದರೆ ನೀವೇನು ಮಾಡುತ್ತೀರಿ? ಅದನ್ನು ನಿಲ್ಲಿಸುತ್ತೀರಾ, ಅದರ ಬಿಸಿ ಇಳಿಸುತ್ತೀರಾ? ಕೆಲಸವಿಲ್ಲದವನ ಪ್ರಶ್ನೆ ಎಂದುಕೊಳ್ಳಬೇಡಿ. ಈ ಒಂದು ಕ್ರಿಯಾಪದದ ದೆಸೆಯಿಂದ ನಮಗೆ ಒಂದು ಹೋಸ್ ಪೈಪ್ ಮತ್ತು ಒಂದು ಇಡೀ ಸಂಜೆ ನಷ್ಟವಾಗಿದೆ.

ನಮ್ಮದು ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಕಡೆ. ಮನೆಯ ಹಿಂದೆ ಅಡಿಕೆ ಸಿಪ್ಪೆಯ ರಾಶಿಯ ಪಕ್ಕ ವರ್ಷಗಟ್ಟಲೆ ನಿಂತಿದ್ದ ಲಾರಿಯೊಂದನ್ನು ಅಣ್ಣನ ಮಗ ಎಬ್ಬಿಸಿದ್ದಾನೆ. ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರವಿರುವುದರಿಂದ ಊರವರಿಗೆ ಅದು ಬೆಂಜ್ ಲಾರಿ. ಟಾಟಾದವರು ಡೈಮ್ಲರ್-ಬೆಂಜ್ ಜೊತೆ 1954ರಲ್ಲಿ ಮಾಡಿಕೊಂಡ ಒಪ್ಪಂದ 15 ವರ್ಷ ನಡೆದು 1969ಕ್ಕೆ ಮುಗಿಯಿತಲ್ಲ, ಆ ಕಾಲದ್ದು. ‘ವಿಂಟೇಜ್’ ಎಂಬುದಕ್ಕೆ ಕನ್ನಡ ಕೊಡಿ ಎಂದು ನಾನು ಕೇಳುತ್ತಿಲ್ಲ. ಹೊಸ ಅಡಿಕೆಗಿಂತ ಹಳತಿಗೆ, ಹಳತಿಗಿಂತ ಇನ್ನೂ ಹಳೆಯದಾದ ಡಬಲ್ ಚೋಲಿಗೆ ಹೆಚ್ಚು ಬೆಲೆ ಕೊಡುವ ಸೀಮೆ ಇದು. ಅತ್ತಿಗೆ ಆಗಲೇ ಲಾರಿಗೆ ‘ಡಬಲ್ ಚೋಲ್’ ಎಂದು ಹೆಸರಿಟ್ಟಾಗಿದೆ. ಸರಕಾರದ ಲೆಕ್ಕದಲ್ಲಂತೂ ಅದು ವಿಂಟೇಜ್ ಅಲ್ಲ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ್ದರೆ ಸಾಲದು, ಇಂಜಿನ್ ಕೂಡ ಮೂಲದ್ದೇ ಇರಬೇಕು.

ನಮ್ಮದು ಮೂಲದ್ದಲ್ಲ. ಹಳೆಯದರ ಬ್ಲಾಕ್ (ಇಂಜಿನಿನ ಎರಕದ ಒಡಲು) ಬಿರುಕು ಬಿಟ್ಟಿತ್ತು. ಅದನ್ನು ಇಳಿಸಿ, ಗುಜರಿಗೆ ಹೋಗಲಿದ್ದ ಇನ್ನೊಂದು ಲಾರಿಯಿಂದ ಟರ್ಬೊ (ಹೊಗೆಯ ಬಲದಿಂದ ತಿರುಗಿ ಇಂಜಿನಿಗೆ ಹೆಚ್ಚು ಗಾಳಿ ತುಂಬುವ ಚಕ್ರ) ಇರುವ 5.9 ಲೀಟರಿನ ಕಮ್ಮಿನ್ಸ್ ಇಂಜಿನ್ ತಂದು ಕೂರಿಸಿದರು. ತೊಂದರೆ ಅಲ್ಲಿಂದ ಶುರು. ಹೆಚ್ಚು ಡೀಸೆಲ್ ಉರಿದಷ್ಟೂ ನೀರಿಗೆ ಸೇರುವ ಶಾಖ ಹೆಚ್ಚು, ಆದರೆ ಆ ನೀರಿನ ಬಿಸಿ ಇಳಿಸುವ ರೇಡಿಯೇಟರ್ ಕೂರುವ ಹಳೆಯ ಮೂತಿಯ ಅಗಲ ಇದ್ದಷ್ಟೇ ಇತ್ತು. ಹಿತ್ತಾಳೆಯ ರೇಡಿಯೇಟರಿನಲ್ಲಿ ಮೂರು ಸಾಲು ಕೊಳವೆಗಳ ಕೋರ್ ತೆಗೆಸಿ ನಾಲ್ಕು ಸಾಲಿನದನ್ನು ಬೆಸುಗೆ ಹಾಕಿಸಿದೆವು. ಫ್ಯಾನಿನ ಸುತ್ತ ತಗಡಿನ ಬಳೆ ಮಾಡಿಸಿದೆವು. ಅದಿಲ್ಲದಿದ್ದರೆ ಫ್ಯಾನ್ ಇಂಜಿನ್ ಕಡೆಯ ಬಿಸಿ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ. ನೀರಿನ ಬಿಸಿ ನೋಡಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ತೆಗೆದು ಬಿಸಾಡಿ ಎಂದು ಸಲಹೆ ಕೊಟ್ಟವರು ಕಡಿಮೆಯಿಲ್ಲ, ಗ್ಯಾರೇಜಿನವರು ಮಾತ್ರ ಬಿಡಲಿಲ್ಲ.

ಪರೀಕ್ಷೆಗೆಂದು ಜಾಲ್ಸೂರು ದಾಟಿ ಸಂಪಾಜೆ ಘಾಟಿ ಹತ್ತಿದೆವು. ಐದಾರು ತಿರುವು ಕಳೆಯುವಾಗ ಇಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ತಾಗಿತು. ಬದಿಗೆ ನಿಲ್ಲಿಸಿ ಗ್ಯಾರೇಜಿನವರಿಗೆ ಫೋನ್ ಮಾಡಿದೆ. ಅವರ ಮನೆಮಾತು ಮಲಯಾಳ, ನನ್ನೊಡನೆ ಆಡುವುದು ಕನ್ನಡ. “ರೇಡಿಯೇಟರಿನ ಮುಚ್ಚಳ ಮುಟ್ಟಬೇಡಿ ಅಣ್ಣಾ. ಐದು ನಿಮಿಷ ಆರಿಸಿ, ಸರಿಯಾಗುತ್ತದೆ” ಎಂದರು. ನಾನು ಹುಡುಗನಿಗೆ, ಅಂದರೆ ಅಣ್ಣನ ಮಗನಿಗೆ, “ಆರಿಸು” ಎಂದೆ. ನಮ್ಮ ಮನೆಯಲ್ಲಿ ದೀಪ, ಫ್ಯಾನ್, ತೋಟದ ಪಂಪು ಎಲ್ಲವನ್ನೂ ಆರಿಸುವುದೇ. ಅವನು ಇಂಜಿನ್ ಆರಿಸಿದ.

ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಬಾನೆಟಿನ ಒಳಗಿಂದ ಕುಚ್ಚಲಕ್ಕಿ ಗಂಜಿ ಕುದಿಯುವಂಥ ಸದ್ದು. ಮೇಲಿನ ಹೋಸ್ ಹೆಬ್ಬಾವಿನ ಹೊಟ್ಟೆಯಂತೆ ಉಬ್ಬಿ, ಕ್ಲಿಪ್ಪಿನ ಬುಡದಲ್ಲಿ ಸೀಳಿ, ಆವಿ ರಸ್ತೆಯ ಅರ್ಧಕ್ಕೆ ಚಿಮ್ಮಿತು. ಫೋನ್ ಇನ್ನೂ ಕೈಯಲ್ಲೇ ಇತ್ತು. “ಆಫ್ ಮಾಡಿದಿರಾ? ನಾನು ಆರಿಸಿ ಎಂದಲ್ಲವೇ ಹೇಳಿದ್ದು!”

ತಪ್ಪು ಯಾರದ್ದೂ ಅಲ್ಲ, ಆರಿಸುವಿನದ್ದು. ಇಂಜಿನ್ ನಿಂತರೆ ಅದರೊಡನೆ ವಾಟರ್ ಪಂಪೂ ನಿಂತಿತು, ಫ್ಯಾನೂ ನಿಂತಿತು. ಇಂಜಿನಿನ ಮೇಲ್ಭಾಗದ ಹೆಡ್ಡಿನಲ್ಲಿ ಸೇರಿಕೊಂಡ ಶಾಖಕ್ಕೆ ಹೋಗಲು ದಾರಿಯಿಲ್ಲದೆ ನಿಂತ ನೀರನ್ನೇ ಕುದಿಸುತ್ತದೆ. ಟರ್ಬೊ ಬೇರೆ ಇದೆ; ಎಣ್ಣೆಯ ಹರಿವು ಒಮ್ಮೆಲೇ ನಿಂತರೆ ಅದರ ಬೇರಿಂಗಿನಲ್ಲಿ ಎಣ್ಣೆ ಸೀದು ಕರಿ ಕಟ್ಟುತ್ತದೆ. ಅಂದರೆ ಇಂಜಿನನ್ನು ಆರಿಸಬೇಕಾದರೆ (ಬಿಸಿ ಇಳಿಸಬೇಕಾದರೆ) ಅದನ್ನು ಆರಿಸಬಾರದು (ನಿಲ್ಲಿಸಬಾರದು). ಒಂದೇ ಪದ ಎರಡು ಕಡೆಗೆ ಎಳೆಯುವ ಇಂಥ ಜಾಗ ಕನ್ನಡದಲ್ಲಿ ಬೇರೆ ಕಡೆ ನನಗೆ ಸಿಕ್ಕಿಲ್ಲ.

ಪದದ ಬೇರು ನೋಡಿದರೆ ಎರಡೂ ಅರ್ಥ ಹಳೆಯವೇ. ಹಳಗನ್ನಡದಲ್ಲಿ ಇದು ಶಕಟರೇಫದ (ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರದ) ಆಱು. ಬಟ್ಟೆ ಆರುತ್ತದೆ, ಹಾಲು ಆರುತ್ತದೆ, ಗಾಯ ಆರುತ್ತದೆ, ದೀಪ ಆರುತ್ತದೆ. ಬಾಯಾರಿಕೆಯೊಳಗೆ ಇರುವುದೂ ಇದೇ. (ನಮ್ಮ ಜಿಲ್ಲೆಯ ಬಾಯಾರು ಎಂಬ ಊರನ್ನು ದಯವಿಟ್ಟು ಇದರೊಳಗೆ ಎಳೆಯಬೇಡಿ, ಅಲ್ಲಿ ನೀರಿದೆ.) ಸಂಖ್ಯೆಯ ಆರು ಕೂಡ ಹಿಂದೆ ಆಱು, ಆರು ಸಿಲಿಂಡರ್ ಆರಲಿ ಎಂದು ಹುಡುಗ ಈಗ ತಮಾಷೆ ಮಾಡುತ್ತಾನೆ. ಆಯ್ದುಕೊಳ್ಳುವ ಆರಿಸು ಬೇರೆ ಬೇರಿನದು, ಅದನ್ನು ಬಿಡೋಣ. ಮಲಯಾಳದಲ್ಲೂ ಚಹಾ ಆರುತ್ತದೆ, ಆದರೆ ದೀಪ ಅಲ್ಲಿ ‘ಕೆಡುತ್ತದೆ’. ಆದ್ದರಿಂದ ಗ್ಯಾರೇಜಿನವರ ಕಿವಿಗೆ ಆರಿಸುವಿನಲ್ಲಿ ತಂಪು ಮಾತ್ರ ಕೇಳಿಸಿತು, ನನ್ನ ಕಿವಿಗೆ ಸ್ವಿಚ್ಚು ಕೇಳಿಸಿತು.

ಈಗ ಪ್ರಶ್ನೆ. ಲಾರಿ ಓಡಿಸುವವರಿಗೆಂದು ಡ್ಯಾಶ್‌ಬೋರ್ಡಿನಲ್ಲಿ ಅಂಟಿಸಲು ಒಂದು ಹಾಳೆ ಬರೆಯುತ್ತಿದ್ದೇನೆ. ಅದರಲ್ಲಿ ಎರಡು ಸಂದರ್ಭಗಳನ್ನು ಬೇರ್ಪಡಿಸಲೇಬೇಕು. ಮುಳ್ಳು ಏರಿದೆ, ನೀರು ಇದೆ, ಪಂಪು ತಿರುಗಿಸುವ ಬೆಲ್ಟ್ ತಿರುಗುತ್ತಿದೆ: ಗೇರ್ ತೆಗೆದು ಇಂಜಿನ್ ಹಾಗೇ ಓಡಲು ಬಿಡಬೇಕು. ಬೆಲ್ಟ್ ಹರಿದಿದೆ ಅಥವಾ ನೀರು ಸೋರಿ ಹೋಗಿದೆ: ಆ ಕ್ಷಣವೇ ನಿಲ್ಲಿಸಬೇಕು.

ಎರಡನೆಯದಕ್ಕೆ ‘ಆಫ್ ಮಾಡು’ ಇದೆ. ‘ನಿಲ್ಲಿಸು’ ಎಂದರೆ ಗಾಡಿಯನ್ನು ಬದಿಗೆ ಹಾಕುವವರೂ ಇದ್ದಾರೆ. ‘ನಂದಿಸು’ ಬೆಂಕಿ ಬಿದ್ದಾಗ ಸಾಕು. ತೊಡಕು ಮೊದಲನೆಯದರಲ್ಲಿ. ‘ತಣಿಸು’ ಎಂದು ಬರೆಯಹೊರಟೆ. ಆದರೆ ನನ್ನ ಕನ್ನಡದಲ್ಲಿ ಪಾತ್ರೆಯನ್ನು ನೀರಿನಲ್ಲಿಟ್ಟರೆ ತಣಿಸಿದಂತೆ, ಸುಮ್ಮನೆ ಬಿಟ್ಟರೆ ಆರಿದಂತೆ. ‘ತಣಿಸಿ’ ಎಂದು ಓದಿದವನು ಬಿಸಿ ಬ್ಲಾಕಿನ ಮೇಲೆ ಬಕೆಟ್ ನೀರು ಸುರಿದರೆ ಇದೂ ಬಿರುಕು ಬಿಟ್ಟೀತು. ‘ತಂಪು ಮಾಡು’ ಎಂದರೆ ಮುಚ್ಚಳ ತೆರೆಯಲು ಹೋಗುವವರಿದ್ದಾರೆ. ‘ಶೀತಲೀಕರಿಸು’ ಎಂಬುದನ್ನು ಯಾರೂ ಸೂಚಿಸಬಾರದಾಗಿ ವಿನಂತಿ. ರೇಡಿಯೇಟರನ್ನು ‘ವಿಕಿರಕ’ ಮಾಡುವವರೂ ಸ್ವಲ್ಪ ತಡೆಯಿರಿ: ಅದು ಶಾಖವನ್ನು ಗಾಳಿಗೆ ದಾಟಿಸುವ ವಸ್ತು, ಅದರಲ್ಲಿ ವಿಕಿರಣದ ಪಾಲು ತೀರಾ ಕಡಿಮೆ. ಇಂಗ್ಲಿಷಿನವರ ತಪ್ಪನ್ನು ನಾವು ಸಂಸ್ಕೃತದಲ್ಲಿ ಮತ್ತೆ ಮಾಡುವುದೇಕೆ?

ನನ್ನ ಮನಸ್ಸಿಗೆ ಬಂದದ್ದು ‘ದಣಿವಾರಿಸು’. ಅದೂ ಆರಿಸುವೇ, ಆದರೆ ಸ್ವಿಚ್ಚಿಗೆ ಸಂಬಂಧವಿಲ್ಲ. ಗುಡ್ಡ ಹತ್ತಿದವನು ದಣಿವಾರಿಸಿಕೊಳ್ಳುವಾಗ ಉಸಿರಾಟ ನಿಲ್ಲಿಸುವುದಿಲ್ಲವಲ್ಲ. ಹುಡುಗ ಒಪ್ಪುತ್ತಿಲ್ಲ, ಲಾರಿ ಏನು ತೀರ್ಥಯಾತ್ರೆಗೆ ಹೊರಟಿದೆಯೇ ಎನ್ನುತ್ತಾನೆ. ನಮ್ಮಂತೆಯೇ ಕರ್ನಾಟಕದ ಗಡಿಯಾಚೆ ಇರುವ ಅಕ್ಕಲಕೋಟೆ, ತಾಳವಾಡಿ, ಹೊಸೂರು ಕಡೆಯ ಕನ್ನಡಿಗ ಚಾಲಕರು ಇಂಜಿನ್ ಓಡುತ್ತಿರುವಾಗಲೇ ಬಿಸಿ ಇಳಿಯಲು ಬಿಡುವುದಕ್ಕೆ ಏನು ಹೇಳುತ್ತಾರೆ? ಹಾಳೆ ಲ್ಯಾಮಿನೇಷನ್ನಿಗೆ ಹೋಗುವುದು ಸೋಮವಾರ, ಮೊದಲ ಸಾಲು ಇನ್ನೂ ಖಾಲಿ ಇದೆ.