ಫೀಡರ್ ಬಸ್ ಬೇಕಾದರೆ ಮೊದಲು ಪಾರ್ಕಿನ ಮೂಲೆ ಖಾಲಿ ಆಗಬೇಕು

2ನೇ ಕ್ರಾಸ್, ಮನೆ 14:
ಎಲ್ಲರಿಗೂ ನಮಸ್ಕಾರ. ಹಳದಿ ಮೆಟ್ರೊ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ ಸುಮಾರು 19 ಕಿ.ಮೀ., 16 ಸ್ಟೇಷನ್. ನಮಗೆ ಹತ್ತಿರದ್ದು 3 ಕಿ.ಮೀ. ದೂರ. ಆದರೂ ನಾವು ಎಲೆಕ್ಟ್ರಾನಿಕ್ ಸಿಟಿಗೆ ಕಾರಿನಲ್ಲೇ ಹೋಗುತ್ತಿದ್ದೇವೆ, ನಾನೂ ಸೇರಿ. ಆ ಮೂರು ಕಿ.ಮೀ.ಗೆ ಬಸ್ಸಿಲ್ಲ, ಅದೇ ಕಾರಣ. ಮನೆ ಹತ್ತಿರದಿಂದ ಸ್ಟೇಷನ್‌ಗೆ ಬಿಡುವ ಫೀಡರ್ ಬಸ್ ಕೇಳಿ ಬಿಎಂಟಿಸಿ ಡಿಪೋಗೆ ಮನವಿ ಕೊಡೋಣವೇ?

5ನೇ ಕ್ರಾಸ್, ಮಹಡಿ ಮನೆ:
ಮೊದಲ ಸಹಿ ನನ್ನದು. ಆಟೊ ಮೀಟರ್ ಪ್ರಕಾರ ಮೊದಲ 2 ಕಿ.ಮೀ.ಗೆ 36, ಆಮೇಲೆ ಕಿ.ಮೀ.ಗೆ 18. ಅಂದರೆ 54 ರೂಪಾಯಿ. ನೂರಕ್ಕೆ ಕಡಿಮೆ ಯಾರೂ ಬರುವುದಿಲ್ಲ. ಮೆಟ್ರೊ ಟಿಕೆಟ್‌ಗಿಂತ ಅದೇ ಜಾಸ್ತಿ!

ಪಾರ್ಕ್ ಎದುರು, ಮನೆ 31:
ಮನವಿ ಹಿಂದೆಯೂ ಕೊಟ್ಟಿದ್ದೆವು. ರೂಟ್ ನೋಡಲು ಬಂದವರು "ಇಲ್ಲಿ ಬಸ್ ತಿರುಗೋದಿಲ್ಲ ಸಾರ್" ಅಂದು ಹೋದರು. ನಾನು ಪಕ್ಕದಲ್ಲೇ ಇದ್ದೆ, ಅವರ ತಪ್ಪಿಲ್ಲ. 40 ಅಡಿ ರಸ್ತೆ, ಎರಡೂ ಕಡೆ ನಮ್ಮದೇ ಕಾರುಗಳು. ಮೂಲೆಯಲ್ಲಿ ಟಾರ್ಪಾಲ್ ಹೊದ್ದು ಮಲಗಿರುವ ಬಿಳಿ ಕಾರು ಬೇರೆ. ಅದರ ಕೆಳಗೆ ನಾಯಿ ಎರಡು ಸಲ ಮರಿ ಹಾಕಿದೆ. ಯಾರದ್ದು ಅಂತ ಇವತ್ತಿಗೂ ಗೊತ್ತಿಲ್ಲ.

2ನೇ ಕ್ರಾಸ್, ಮನೆ 14:
12 ಮೀಟರ್ ಬಸ್ ಬೇಡ ಅಂಕಲ್, 9 ಮೀಟರ್‌ನದ್ದು ಕೇಳೋಣ. ಬಿಎಂಟಿಸಿ ಮೊದಲು ತಂದ 90 ಎಲೆಕ್ಟ್ರಿಕ್ ಬಸ್‌ಗಳು ಆ ಅಳತೆಯವೇ, ಮೆಟ್ರೊ ಫೀಡರ್‌ಗೆ ಅಂತಲೇ. ಹತ್ತು ಹೆಜ್ಜೆಗೊಮ್ಮೆ ನಿಲ್ಲುವ ನಮ್ಮ ರಸ್ತೆಗೆ ಅದೇ ಸರಿ. ನಿಂತಾಗ ಡೀಸೆಲ್ ಸುಡುವುದಿಲ್ಲ, ಬ್ರೇಕ್ ಒತ್ತಿದಾಗ ಸ್ವಲ್ಪ ಚಾರ್ಜ್ ಬ್ಯಾಟರಿಗೆ ವಾಪಸ್ ಹೋಗುತ್ತದೆ.

1ನೇ ಕ್ರಾಸ್, ಮನೆ 6:
ಕರೆಂಟ್ ಎಲ್ಲಿಂದ ಬರುತ್ತದೆ? ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟೇ ಅಲ್ವಾ? ಇಲ್ಲಿನ ಹೊಗೆ ಅಲ್ಲಿಗೆ ಹೋಯಿತು, ಅಷ್ಟೆ.

2ನೇ ಕ್ರಾಸ್, ಮನೆ 14:
ರಾಯಚೂರು ಇದೆ ಸಾರ್. ಶರಾವತಿಯೂ ಇದೆ, ಪಾವಗಡದ ಸೋಲಾರೂ ಇದೆ. ಆದರೆ ನನ್ನ ಲೆಕ್ಕ ಬೇರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್. ನನ್ನ ಕಾರಿಗೆ ಹೋಗಿ ಬರಲು ದಿನಕ್ಕೆ 2 ಲೀಟರ್ ಬೇಕು. ನಾಲ್ಕೂವರೆ ಕಿಲೋ ಆಯಿತು, ಅದೂ ನಾನೊಬ್ಬನೇ ಕೂತು ಹೋಗಲಿಕ್ಕೆ. ಡೀಸೆಲ್ ಬಸ್ಸೇ ಬರಲಿ, 30 ಜನ ಕೂತರೆ ಲಾಭವೇ.

3ನೇ ಕ್ರಾಸ್, ಮನೆ 22:
ಕರೆಂಟ್ ಬಸ್ಸಿನಲ್ಲಿ ಶಕ್ತಿ ಟಿಕೆಟ್ ನಡೆಯುತ್ತದಾ?

5ನೇ ಕ್ರಾಸ್, ಮಹಡಿ ಮನೆ:
ಎಸಿ ಇಲ್ಲದಿದ್ದರೆ ನಡೆಯುತ್ತದೆ ಆಂಟಿ. ಐಡಿ ಇಟ್ಟುಕೊಳ್ಳಿ.

ಪಾರ್ಕ್ ಎದುರು, ಮನೆ 31:
ಈ ಸಲ ಸುಮ್ನೆ ಗೋಳು ಬರೆಯುವುದು ಬೇಡ. ಯಾವ ಮನೆಯಿಂದ ಎಷ್ಟು ಜನ, ಎಷ್ಟು ಗಂಟೆಗೆ ಹೋಗುತ್ತಾರೆ, ಅದನ್ನು ಪಟ್ಟಿ ಮಾಡಿ ಕೊಡೋಣ. ಬೆಳಿಗ್ಗೆ 7ರಿಂದ 10, ಸಂಜೆ 5ರಿಂದ 9. ಮಧ್ಯಾಹ್ನ ಖಾಲಿ ಬಸ್ ಓಡಿಸಿ ಅಂದರೆ ಯಾರೂ ಕೇಳುವುದಿಲ್ಲ. ನೋ ಪಾರ್ಕಿಂಗ್ ಬೋರ್ಡ್ ನಾವೇ ಹಾಕುವ ಹಾಗಿಲ್ಲ, ಟ್ರಾಫಿಕ್ ಪೊಲೀಸರಿಗೆ ಬೇರೆ ಪತ್ರ ಬರೆಯಬೇಕು. ಅಲ್ಲಿಯ ತನಕ ಮೂಲೆಯಿಂದ ಐದು ಮನೆಯವರು ಒಂದೇ ಬದಿಗೆ ನಿಲ್ಲಿಸಲಿ.

4ನೇ ಕ್ರಾಸ್, ಮನೆ 9:
ನಮ್ಮ ಗೇಟ್ ಮುಂದೆ ನಾವು ನಿಲ್ಲಿಸಬಾರದಾ? ತೆರಿಗೆ ಕಟ್ಟುತ್ತೇವೆ.

ಪಾರ್ಕ್ ಎದುರು, ಮನೆ 31:
ತೆರಿಗೆ ಮನೆಗೆ ಕಟ್ಟುತ್ತೀರಿ ಮೇಡಂ, ರಸ್ತೆಗಲ್ಲ. ನನ್ನ ಕಾರೂ ಅಲ್ಲೇ ಇದೆ. ನಾಳೆಯಿಂದ ಒಳಗೆ ಹಾಕುತ್ತೇನೆ, ಹೂಕುಂಡ ಎತ್ತಿಡಬೇಕು ಅಷ್ಟೆ. ಆ ಬಿಳಿ ಕಾರಿನದ್ದೇ ಚಿಂತೆ.

1ನೇ ಕ್ರಾಸ್, ಮನೆ 6:
ಅದು ನನ್ನ ತಮ್ಮನದ್ದು. ಅವನು ಊರಲ್ಲಿಲ್ಲ. ಬ್ಯಾಟರಿ ಸತ್ತಿದೆ, ಎರಡು ಟೈರಿನಲ್ಲಿ ಗಾಳಿಯಿಲ್ಲ. ತಳ್ಳಲು ನಾಲ್ಕು ಜನ ಬಂದರೆ ನಮ್ಮ ಕಾಂಪೌಂಡಿಗೆ ಹಾಕಿಕೊಳ್ಳುತ್ತೇನೆ.

5ನೇ ಕ್ರಾಸ್, ಮಹಡಿ ಮನೆ:
ಭಾನುವಾರ ಬೆಳಿಗ್ಗೆ 7ಕ್ಕೆ. ಪಂಪ್ ನಾನು ತರುತ್ತೇನೆ. ಕೀ ಮರೆಯಬೇಡಿ ಸಾರ್, ಹ್ಯಾಂಡ್‌ಬ್ರೇಕ್ ಇಳಿಸಬೇಕು.

3ನೇ ಕ್ರಾಸ್, ಮನೆ 22:
ಕೆಳಗೆ ಮರಿ ಇದೆಯಾ ನೋಡಿ ತಳ್ಳಿ.