‘ಕಾಂಟ್ರಾಸ್ಟ್ ಏಜೆಂಟ್’ಗೆ ‘ವೈದೃಶ್ಯವರ್ಧಕ’ ಸಲ್ಲುವುದೇ?

ಎಂಆರ್‌ಐ ಚಿತ್ರಣಕ್ಕಾಗಿ ಬಳಸುವ ಕಬ್ಬಿಣದ ಆಕ್ಸೈಡಿನ ನ್ಯಾನೊಕಣಗಳನ್ನು ಕುರಿತು ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ‘ನ್ಯಾನೊಕಣ’ದ ಬಗ್ಗೆ ತಕರಾರಿಲ್ಲ, ತೊಡಕಿರುವುದು ‘ಕಾಂಟ್ರಾಸ್ಟ್ ಏಜೆಂಟ್’ನಲ್ಲಿ, ಅಂದರೆ ಚಿತ್ರದಲ್ಲಿ ಅಂಗಾಂಶಗಳ ನಡುವಿನ ವ್ಯತ್ಯಾಸ ಎದ್ದುಕಾಣಲೆಂದು ದೇಹಕ್ಕೆ ಕೊಡುವ ವಸ್ತುವಿನ ಹೆಸರಿನಲ್ಲಿ. ಮೊದಲ ಕರಡಿನಲ್ಲಿ ‘ವ್ಯತಿರೇಕ ಕಾರಕ’ ಎಂದು ಬರೆದಿದ್ದೆ. ಅದನ್ನು ಓದಿದ ನಮ್ಮ ಅತ್ತೆಯವರು, “ಇದನ್ನು ಚುಚ್ಚಿಸಿಕೊಂಡರೆ ಏನು ಕೆಡುಕಾಗುತ್ತದೆ?” ಎಂದು ಕೇಳಿದರು. ಪತ್ರಿಕೆಗಳಲ್ಲಿ ‘ವ್ಯತಿರಿಕ್ತ ಪರಿಣಾಮ’ವೆಂದರೆ ಕೆಟ್ಟ ಪರಿಣಾಮವೇ ಆಗಿರುವಾಗ, ‘ಕಾರಕ’ವೂ ರೋಗಕಾರಕ, ಕ್ಯಾನ್ಸರ್‌ಕಾರಕಗಳ ಸಾಲಿನಲ್ಲೇ ಕೇಳಿಬರುವಾಗ, ಅವರು ಹಾಗೆ ಓದಿಕೊಂಡದ್ದು ಸಹಜವೇ ಆಗಿದೆ.

ಸ್ಕ್ಯಾನಿಂಗ್ ಕೋಣೆಯಲ್ಲಿ ಸಾಮಾನ್ಯವಾಗಿ ‘ಡೈ’ ಎನ್ನುತ್ತಾರೆ. ಆದರೆ ಈ ಕಣಗಳು ಅಂಗಕ್ಕೆ ಬಣ್ಣ ಕಟ್ಟುವುದಿಲ್ಲ. 1996ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ, ಡೆಕ್ಸ್‌ಟ್ರಾನ್ ಹೊದಿಕೆಯ ಫೆರುಮಾಕ್ಸೈಡ್ಸ್ ಎಂಬ ಇಂಥ ಕಣಗಳನ್ನೇ ನೋಡಬಹುದು. ರಕ್ತಕ್ಕೆ ಸೇರಿದ ಈ ಕಣಗಳನ್ನು ಯಕೃತ್ತಿನಲ್ಲಿರುವ ಕುಪ್ಫರ್ ಜೀವಕೋಶಗಳು ನುಂಗಿಕೊಳ್ಳುತ್ತವೆ. ಕಣಗಳು ತಮ್ಮ ಸುತ್ತಲಿನ ಕಾಂತಕ್ಷೇತ್ರವನ್ನು ಕದಡುವುದರಿಂದ ಅಲ್ಲಿನ ನೀರಿನ ಪ್ರೋಟಾನುಗಳ ಸಂಕೇತ ಬೇಗ ಕುಂದಿ, ಟಿ2 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಆರೋಗ್ಯವಂತ ಯಕೃತ್ತು ಕಪ್ಪಾಗುತ್ತದೆ. ಕುಪ್ಫರ್ ಕೋಶಗಳು ಇಲ್ಲದ ಗಡ್ಡೆ ಮಾತ್ರ ಮೊದಲಿನಂತೆಯೇ ಉಳಿದು, ಆ ಕಪ್ಪಿನ ನಡುವೆ ಬೆಳ್ಳಗೆ ಎದ್ದು ಕಾಣುತ್ತದೆ. ಅಂದರೆ ಇಲ್ಲಿ ನಮಗೆ ಬೇಕಾದದ್ದು ಕಾಣಿಸುವುದು ಕಣಗಳು ಹೋಗದ ಜಾಗದಲ್ಲಿ! ಟಿ1 ಎಂಬ ಇನ್ನೊಂದು ಬಗೆಯ ಚಿತ್ರಗಳನ್ನು ಬೆಳಗಿಸುವ, ಗ್ಯಾಡೋಲಿನಿಯಮ್ ಎಂಬ ಲೋಹದ ಸಂಯುಕ್ತಗಳಿಗೆ ‘ಉಜ್ಜ್ವಲಕ’ ಎಂಬ ಹೆಸರು ಹೇಗೋ ಸಲ್ಲಬಹುದಾದರೂ ಇವುಗಳಿಗೆ ಅದು ತಲೆಕೆಳಗಾದ ಹೆಸರಾಗುತ್ತದೆ.

‘ಔಷಧ’ವೆನ್ನುವುದೂ ಕಷ್ಟ. ಇದೇ ಬಗೆಯ ಕಣವಾದ ಫೆರುಮಾಕ್ಸಿಟಾಲ್ 2009ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದದ್ದು ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯವರ ರಕ್ತಹೀನತೆಗೆ ಕೊಡುವ ಕಬ್ಬಿಣವಾಗಿ. ವೈದ್ಯರು ಅದನ್ನು ಚಿತ್ರಣಕ್ಕೂ ಬಳಸುತ್ತಾರೆ. ಹೀಗೆ ಒಂದೇ ವಸ್ತು ಒಮ್ಮೆ ಮದ್ದು, ಇನ್ನೊಮ್ಮೆ ಮದ್ದಲ್ಲದ್ದು ಆಗುವುದರಿಂದ ಹೆಸರು ಅದರ ಕೆಲಸವನ್ನು ಹೇಳಬೇಕಾಗುತ್ತದೆ. ‘ಭೇದಕಾರಿ’ ಅರ್ಥದಲ್ಲಿ ಹತ್ತಿರ ಬರುತ್ತದೆ, ಆದರೆ ಆಸ್ಪತ್ರೆಯ ಸಂದರ್ಭದಲ್ಲಿ ಅದು ಭೇದಿಯನ್ನು ನೆನಪಿಸದೆ ಬಿಡದು.

ಆದ್ದರಿಂದ ವಿಮರ್ಶೆಯಲ್ಲಿ ಸಾದೃಶ್ಯಕ್ಕೆ ಎದುರಾಗಿ ನಿಲ್ಲುವ ‘ವೈದೃಶ್ಯ’ವನ್ನು ತೆಗೆದುಕೊಂಡು ‘ವೈದೃಶ್ಯವರ್ಧಕ’ ಎಂದು ಮಾಡಿದ್ದೇನೆ. ಕಪ್ಪಾಗಿಸಿದರೂ ಬೆಳಗಿಸಿದರೂ ಹೆಚ್ಚುವುದು ಎರಡರ ನಡುವಿನ ಅಂತರವೇ ಆದ್ದರಿಂದ ಇದು ಎರಡೂ ಬಗೆಗೆ ಒಪ್ಪುತ್ತದೆ. ‘ವೈದೃಶ್ಯವರ್ಧಕ ನ್ಯಾನೊಕಣ’ ಎಂದು ಸಮಾಸವಾಗಿಯೂ ನಿಲ್ಲುತ್ತದೆ. ‘ಎದ್ದುಕಾಣಿಸುವ ದ್ರವ್ಯ’ ನನಗೆ ಇನ್ನೂ ಇಷ್ಟ, ಆದರೆ ‘ನ್ಯಾನೊಕಣರೂಪದ ಎದ್ದುಕಾಣಿಸುವ ದ್ರವ್ಯದ ಪ್ರಮಾಣ’ ಎಂದು ಬರೆಯಹೊರಟರೆ ವಾಕ್ಯ ಕುಂಟುತ್ತದೆ. ರೋಗಿಗಳ ಕೈಗೆ ಕೊಡುವ ಹಾಳೆಯಲ್ಲಂತೂ ‘ಕಾಂಟ್ರಾಸ್ಟ್ ದ್ರವ’ವನ್ನೇ ಉಳಿಸಿಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ.

ಕೇಳಬೇಕಾಗಿರುವುದು ಎರಡು. ಸಾಹಿತ್ಯದ ಪರಿಚಯವಿಲ್ಲದ ವಿಜ್ಞಾನದ ಓದುಗರಿಗೆ ‘ವೈದೃಶ್ಯ’ದಲ್ಲಿ ‘ದೃಶ್ಯ’ವಷ್ಟೇ ಕೇಳಿಸಿ, ವ್ಯತ್ಯಾಸವೆಂಬ ಅರ್ಥ ತಪ್ಪಿಹೋಗುವುದೇ? ವೈದ್ಯಕೀಯ ಚಿತ್ರಣದ ಬಗ್ಗೆ ಬರೆಯುವವರು ಇದಕ್ಕಿಂತ ಚಿಕ್ಕದಾದ ಬೇರೊಂದು ಪದವನ್ನು ಈಗಾಗಲೇ ಬಳಕೆಗೆ ತಂದಿರುವರೇ?