‘ಬ್ರ್ಯಾಂಡಿಂಗ್’ಗೆ ಕನ್ನಡದಲ್ಲಿ ಏನನ್ನಬೇಕು? ಮಾರ್ಕು, ಬರೆ, ಅಂಕಿತ, ಗುರುತು

ಗೆಳೆಯರೇ,

ಬಳ್ಳಾರಿಯಲ್ಲಿ ಒಂದು ಚಿಕ್ಕ ಡಿಸೈನ್ ಸ್ಟುಡಿಯೊ ನಡೆಸುತ್ತಿದ್ದೇನೆ. ನಾನು, ನನ್ನ ಜೊತೆ ಒಬ್ಬ ಹುಡುಗಿ, ಇಬ್ಬರೇ. ವೆಬ್‌ಸೈಟ್, ಲೋಗೊ, ಅಕ್ಕಿ ಚೀಲದ ಡಿಸೈನ್, ಜೀನ್ಸ್ ಪ್ಯಾಂಟಿನ ಲೇಬಲ್, ಅಂಗಡಿ ಬೋರ್ಡು ಇವೇ ನಮ್ಮ ಕೆಲಸ. ಗಿರಾಕಿಗಳು ಬಳ್ಳಾರಿ, ಗಂಗಾವತಿ, ಸಿಂಧನೂರು, ಕೊಪ್ಪಳದ ಕಡೆಯವರು. ಅವರಿಗೆ ಕೊಡುವ ಕೊಟೇಶನ್ ಹಾಳೆಯನ್ನು ಪೂರ್ತಿ ಕನ್ನಡದಲ್ಲೇ ಬರೆಯಬೇಕು ಅಂತ ಈ ವರ್ಷ ಕೂತೆ. ‘ಮುಂಗಡ’, ‘ಬಾಕಿ’, ‘ಗಡುವು’ ಎಲ್ಲ ಸಲೀಸಾಗಿ ಬಂದವು. ಡೊಮೈನ್‌ಗೆ ‘ವೆಬ್ ವಿಳಾಸ’ ಅಂತಲೂ ಹೋಸ್ಟಿಂಗ್‌ಗೆ ‘ಜಾಗದ ಬಾಡಿಗೆ’ ಅಂತಲೂ ಬರೆದೆ. ವರ್ಷಾ ವರ್ಷ ಯಾಕೆ ದುಡ್ಡು ಕಟ್ಟಬೇಕು ಅಂತ ಆಮೇಲೆ ಯಾರೂ ಕೇಳಲಿಲ್ಲ. ಬಾಡಿಗೆ ಅಂದರೆ ಕಟ್ಟಲೇಬೇಕು, ಅದು ಎಲ್ಲರಿಗೂ ಗೊತ್ತು. ನಾನು ಸಿಕ್ಕಿಕೊಂಡಿದ್ದು ಹಾಳೆಯ ಮೊದಲ ಸಾಲಿನಲ್ಲೇ: ‘ಬ್ರ್ಯಾಂಡಿಂಗ್’.

ಇಂಗ್ಲಿಷ್ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆದರೆ ಆಯ್ತಲ್ಲ ಅನ್ನಬಹುದು. ಅದನ್ನೇ ಮಾಡುತ್ತಿದ್ದೆ. ಅದರಿಂದ ಏನಾಯಿತು ಅಂತ ಹೇಳುತ್ತೇನೆ.

ಹೋದ ವರ್ಷ ಗಂಗಾವತಿ ಕಡೆಯ ಒಬ್ಬ ಅಕ್ಕಿ ವ್ಯಾಪಾರಿ ಬಂದರು. ಬೇರೆಯವರ ಚೀಲದಲ್ಲಿ ಸೋನಾ ಮಸೂರಿ ಮಾರುತ್ತಿದ್ದವರು. ಇನ್ನು ಸ್ವಂತ ಹೆಸರಿನಲ್ಲಿ ಮಾರಬೇಕು ಅಂತ ಆಸೆ. ‘ಬ್ರ್ಯಾಂಡಿಂಗ್ – 25,000 ರೂಪಾಯಿ’ ಅಂತ ಒಂದೇ ಸಾಲು ಬರೆದುಕೊಟ್ಟೆ. ನನ್ನ ಲೆಕ್ಕದಲ್ಲಿ ಅದರೊಳಗೆ ಲೋಗೊ ಇತ್ತು. 5, 10, 25 ಕೆ.ಜಿ.ಯ ಮೂರು ಚೀಲಗಳ ಡಿಸೈನ್ ಇತ್ತು. ಬಣ್ಣಗಳು, ಅಕ್ಷರದ ಬಗೆ, ಅಂಗಡಿ ಬೋರ್ಡು, ಬಿಲ್ ಪುಸ್ತಕ, ವಾಟ್ಸಾಪ್‌ಗೆ ಹಾಕುವ ಚಿತ್ರ ಎಲ್ಲ ಇತ್ತು. ಅವರ ಲೆಕ್ಕದಲ್ಲಿ ಬ್ರ್ಯಾಂಡಿಂಗ್ ಅಂದರೆ ಲೋಗೊ, ಲೋಗೊ ಅಂದರೆ ಒಂದು ಚಿತ್ರ. ಎರಡು ತಿಂಗಳ ಕೆಲಸ ಮುಗಿದ ಮೇಲೆ ‘ಒಂದು ಚಿತ್ರಕ್ಕೆ ಇಷ್ಟಾ?’ ಅಂದರು. ಉಳಿದದ್ದೆಲ್ಲ ಕೊಸರು ಅಂತ ತಿಳಿದಿದ್ದರು. ತರಕಾರಿ ಕೊಂಡರೆ ಕೊತ್ತಂಬರಿ ಹಾಕುತ್ತಾರಲ್ಲ, ಹಾಗೆ. ಬಾಕಿ ಹತ್ತು ಸಾವಿರ ಇವತ್ತಿಗೂ ಬಂದಿಲ್ಲ. ಅವರು ಮೋಸ ಮಾಡಿದರು ಅಂತ ನನಗೆ ಅನ್ನಿಸುವುದಿಲ್ಲ. ಒಂದು ಪದ ಇಬ್ಬರ ಕಿವಿಯಲ್ಲಿ ಎರಡು ಅರ್ಥವಾಗಿ ಬಿದ್ದಿತ್ತು. ಹಾಗಾಗಿ ಈ ಪ್ರಶ್ನೆ ನನಗೆ ಸುಮ್ನೆ ಪಾಂಡಿತ್ಯದ್ದಲ್ಲ, ಹೊಟ್ಟೆಪಾಡಿನದ್ದು.

ಮೊದಲು ನೋಡಿದ್ದು ‘ಲಾಂಛನ’. ಲೋಗೊಗೆ ಪತ್ರಿಕೆಗಳು ಬಳಸುವ ಪದ. ಗಂಡಭೇರುಂಡ ನಮ್ಮ ರಾಜ್ಯ ಲಾಂಛನ, ಹಂದಿ, ಕತ್ತಿ, ಸೂರ್ಯ, ಚಂದ್ರ ಇರುವುದು ವಿಜಯನಗರದ ಲಾಂಛನ. ಆದರೆ ಬಳ್ಳಾರಿಯಲ್ಲಿ ಇದರ ಪಾಡು ಬೇರೆ. ಇಲ್ಲಿ ಅರ್ಧ ಗಿರಾಕಿಗಳ ಮನೆಮಾತು ತೆಲುಗು. ತೆಲುಗಿನಲ್ಲಿ ಲಾಂಛನ ಅಂದರೆ ಮದುವೆಯಲ್ಲಿ ಕೊಡುವ ಮರ್ಯಾದೆಯ ಉಡುಗೊರೆ. ಸರ್ಕಾರಿ ಗೌರವದಿಂದ ಅಂತ್ಯಕ್ರಿಯೆ ನಡೆಯಿತು ಅನ್ನುವುದಕ್ಕೂ ಅವರು ಇದೇ ಪದ ಬಳಸುತ್ತಾರೆ. ಹಿಂದಿಯಲ್ಲಿ ಲಾಂಛನ ಅಂದರೆ ಕಳಂಕ, ಅಪವಾದ. ಬಟ್ಟೆ ಅಂಗಡಿಯ ಹಿಂದಿ ಮನೆಮಾತಿನವರೊಬ್ಬರಿಗೆ ‘ನಿಮ್ಮ ಅಂಗಡಿಗೆ ಲಾಂಛನ ಮಾಡಿದ್ದೇನೆ’ ಅಂತ ಖುಷಿಯಿಂದ ಹೇಳಿದೆ. ಅವರ ಮುಖ ಬಾಡಿದ್ದು ನೋಡಿ ಆ ಪದ ಅವತ್ತೇ ಬಿಟ್ಟೆ. ‘ಚಿಹ್ನೆ’ ಅಂದರೆ ಎಲ್ಲರಿಗೂ ಚುನಾವಣೆ ನೆನಪಾಗುತ್ತದೆ. ‘ಮುದ್ರೆ’, ‘ಠಸ್ಸೆ’, ‘ಶಿಕ್ಕಾ’ ಮೂರೂ ಕಚೇರಿ ಕಾಗದದ ಮೇಲೆ ಒತ್ತುವವು. ಅವನ್ನು ಅಲ್ಲೇ ಬಿಟ್ಟೆ.

‘ಬರೆ’ ಮಾತ್ರ ನನ್ನನ್ನು ಬಹಳ ದಿನ ಹಿಡಿದುಕೊಂಡಿತ್ತು.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳು ಓಣಿ ಓಣಿಗೂ ಇವೆ. ಪ್ಯಾಂಟಿನ ಸೊಂಟದ ಪಟ್ಟಿಗೆ ಹಿಂದೆ ಒಂದು ಚರ್ಮದ ತುಂಡು ಹೊಲಿದಿರುತ್ತಾರೆ, ನೋಡಿರುತ್ತೀರಿ. ಅದರ ಮೇಲಿನ ಅಕ್ಷರಗಳನ್ನು ಸುಟ್ಟು ಮೂಡಿಸುತ್ತಾರೆ. ಹಿತ್ತಾಳೆಯ ಅಚ್ಚನ್ನು ಬಿಸಿ ಮಾಡಿ ಒತ್ತುತ್ತಾರೆ. ಸಣ್ಣಗೆ ಹೊಗೆ ಏಳುತ್ತದೆ, ಸುಟ್ಟ ವಾಸನೆ ಬರುತ್ತದೆ, ಅಕ್ಷರ ಕೆಳಕ್ಕೆ ಇಳಿದು ಕಂದಾಗಿ ಕೂತುಬಿಡುತ್ತದೆ. ಒಂದು ಪ್ಯಾಚಿನ ಮೇಲೆ ‘ಬಳ್ಳಾರಿ’ ಅಂತ ಕನ್ನಡದಲ್ಲಿ ಹಾಕಬೇಕು ಅಂತ ಹಟ ಹಿಡಿದು ಅಚ್ಚು ಮಾಡಿಸಿದ್ದೆ. ಮೊದಲ ಸಲ ಳ-ಒತ್ತಿನ ಒಳಗಿನ ಖಾಲಿ ಜಾಗ ಶಾಖಕ್ಕೆ ಸುಟ್ಟು ಮುಚ್ಚಿಕೊಂಡಿತು. ಎರಡನೇ ಸಲ ಒತ್ತು ಹೊಲಿಗೆಯ ದಾರದ ಕೆಳಗೆ ಹೋಯಿತು. ಓದಿದರೆ ‘ಬಳಾರಿ’. ಮೂರನೇ ಸಲ ಇಡೀ ಪದವನ್ನು ಮೇಲಕ್ಕೆ ಎತ್ತಿ, ಒತ್ತನ್ನು ಅಗಲ ಮಾಡಿದ ಮೇಲೆ ಸರಿ ಬಂತು. ಅಚ್ಚು ಒತ್ತುತ್ತಿದ್ದವರು ಆ ಪ್ಯಾಚ್ ನನ್ನ ಕೈಗೆ ಕೊಟ್ಟು, ‘ಬರೆ ಬಿತ್ತು ನೋಡ್ರಿ, ಇನ್ನ ಹೋಗಂಗಿಲ್ಲ’ ಅಂದರು.

ಇಂಗ್ಲಿಷಿನ ‘ಬ್ರ್ಯಾಂಡ್’ಗೂ ಬೆಂಕಿಯೇ ಮೂಲ. ಹಳೆಯ ಇಂಗ್ಲಿಷಿನಲ್ಲಿ ಉರಿಯುವ ಕೊಳ್ಳಿಗೆ ಆ ಹೆಸರು. ಆಮೇಲೆ ಕಾಸಿದ ಕಬ್ಬಿಣದಿಂದ ದನದ ಮೈಮೇಲೆ ಹಾಕುವ ಗುರುತು, ಆಮೇಲೆ ಸರಕಿನ ಮೇಲಿನ ಗುರುತು, ಕೊನೆಗೆ ಸರಕಿನ ಹೆಸರು. ನಮ್ಮ ‘ಬರೆ’ಗೂ ಕಾಸಿದ ಕಬ್ಬಿಣದ ಗುರುತು ಅನ್ನುವ ಅರ್ಥವಿದೆ. ಗೆರೆ ಅನ್ನುವ ಅರ್ಥವೂ ಇದೆ. ‘ಬರೆ’ ಅಂದರೆ ಬರೆಯುವುದು, ಚಿತ್ರ ಬಿಡಿಸುವುದು ಕೂಡ. ತಮಿಳಿನ ‘ವರೈ’ ಕೂಡ ಗೆರೆ ಎಳೆಯುವುದೇ. ನನ್ನ ಕಸುಬಿನ ಎಲ್ಲ ಕೆಲಸವೂ ಈ ಎರಡೇ ಅಕ್ಷರದ ಪದದಲ್ಲಿದೆ ಅಂತ ಮೈ ಜುಮ್ಮೆಂದಿತು.

ಆದರೆ ಬಳಸುವುದು ಹೇಗೆ? ‘ನಿಮ್ಮ ಅಂಗಡಿಗೆ ಬರೆ ಹಾಕುತ್ತೇನೆ’ ಅಂದರೆ ಯಾರು ಒಪ್ಪುತ್ತಾರೆ? ಪತ್ರಿಕೆಯಲ್ಲಿ ಬರೆ ಬರುವುದು ‘ಬೆಲೆ ಏರಿಕೆಯ ಬರೆ’ ಅಂತ. ಮಾತಿನಲ್ಲಿ ‘ಗಾಯದ ಮೇಲೆ ಬರೆ’ ಅಂತ. ಇಂಗ್ಲಿಷಿನಲ್ಲಿ ಆ ಪದದ ನೋವು ಆರಿ ಹೋಗಿದೆ, ಕನ್ನಡದಲ್ಲಿ ಇನ್ನೂ ಆರಿಲ್ಲ. ಒಂದು ಕಡೆ ಮಾತ್ರ ಇದು ತುಂಬ ಕೆಲಸಕ್ಕೆ ಬರುತ್ತದೆ. ದೊಡ್ಡ ಕಂಪನಿಯ ಲೋಗೊ ತೋರಿಸಿ ‘ಸೇಮ್ ಹಿಂಗೇ ಮಾಡ್ರಿ’ ಅನ್ನುವ ಗಿರಾಕಿಗೆ, ಹುಲಿ ನೋಡಿ ನರಿ ಬರೆ ಹಾಕಿಕೊಂಡ ಗಾದೆ ಹೇಳುತ್ತೇನೆ. ಬೇರೆ ಯಾವ ವಿವರಣೆಯೂ ಅಷ್ಟು ಬೇಗ ತಲುಪುವುದಿಲ್ಲ.

ಮುಂದೆ ‘ಅಂಕಿತ’. ಇದನ್ನು ಸೂಚಿಸಿದ್ದು ನನ್ನ ಜೊತೆ ಕೆಲಸ ಮಾಡುವ ಹುಡುಗಿ. ಅವಳು ಲಿಂಗಸೂಗೂರು ಕಡೆಯವಳು. ಕೊನೆಯ ಸಾಲು ಕೇಳಿದರೆ ಸಾಕು, ಯಾರ ಹಾಡು, ಯಾರ ವಚನ ಅಂತ ಗೊತ್ತಾಗುತ್ತದೆ ಅಲ್ವಾ? ‘ವಿಜಯವಿಠಲ’ ಅಂದರೆ ವಿಜಯದಾಸರು, ‘ಗೋಪಾಲವಿಠಲ’ ಅಂದರೆ ಗೋಪಾಲದಾಸರು, ‘ಜಗನ್ನಾಥವಿಠಲ’ ಅಂದರೆ ಜಗನ್ನಾಥದಾಸರು. ಮೂವರೂ ರಾಯಚೂರು ಸೀಮೆಯವರು. ‘ವಿಠಲ’ ಅನ್ನುವುದು ಮೂವರಿಗೂ ಸಮ, ಮುಂದಿನ ಭಾಗ ಅವರವರದು. ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದ ಆಯ್ದಕ್ಕಿ ದಂಪತಿಯನ್ನು ನೋಡಿ. ಮಾರಯ್ಯನ ಅಂಕಿತ ‘ಅಮರೇಶ್ವರಲಿಂಗ’. ಲಕ್ಕಮ್ಮನದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನ ಅಂಕಿತ ಅದರಲ್ಲಿ ಪೂರ್ತಿ ಇದೆ, ಆದರೂ ಅದು ಅವಳದ್ದೇ. ಒಂದೇ ಮನೆಯ ಎರಡು ಅಂಗಡಿಗಳಿಗೆ ಲೋಗೊ ಮಾಡುವಾಗ ನಾವು ಪಡುವ ಪಾಡೆಲ್ಲ ಇದೇ. ಒಂದೇ ಮನೆಯವು ಅಂತ ಕಾಣಬೇಕು, ಬೇರೆ ಬೇರೆ ಅಂತಲೂ ಕಾಣಬೇಕು. 12ನೇ ಶತಮಾನದಲ್ಲೇ ಅದನ್ನು ಎಷ್ಟು ಸಲೀಸಾಗಿ ಮಾಡಿದ್ದಾರೆ.

ಆದರೂ ಹಾಳೆಯ ಮೇಲೆ ‘ಅಂಕಿತ – 25,000’ ಅಂತ ಬರೆಯಲು ನನ್ನ ಕೈ ಬರಲಿಲ್ಲ. ಅದು ಗುರು ಕೊಡುವುದು, ದೇವರ ಹೆಸರಿನದು. ಅದಕ್ಕೆ ದರ ಹಚ್ಚುವುದು ನನಗೆ ಸರಿ ಕಾಣಲಿಲ್ಲ. ಅದೂ ಅಲ್ಲದೆ ಈಗ ‘ಅಂಕಿತ ಬಿತ್ತು’ ಅಂದರೆ ಮಸೂದೆಗೆ ರಾಜ್ಯಪಾಲರ ಸಹಿ ಆಯಿತು ಅಂತಲೇ ಅರ್ಥ.

ಇನ್ನು ‘ಮಾರ್ಕು’. ಇದನ್ನು ಇಂಗ್ಲಿಷ್ ಅಂತ ದೂರ ಇಟ್ಟಿದ್ದೆ. ನನಗೆ ಬುದ್ಧಿ ಬಂದಿದ್ದು ಅದೇ ಅಕ್ಕಿ ವ್ಯಾಪಾರಿಯಿಂದ. ಅವರಿಗೆ ಮೊದಲು ತೋರಿಸಿದ ಲೋಗೊದಲ್ಲಿ ಎರಡು ಬಾಗಿದ ಗೆರೆಗಳು ಇದ್ದವು. ತೆನೆಯ ಹಾಗೂ ಕಾಣಬೇಕು, ಹೊಳೆಯ ಹಾಗೂ ಕಾಣಬೇಕು ಅಂತ ನನ್ನ ಯೋಚನೆ. ಅವರು ಬಹಳ ಹೊತ್ತು ನೋಡಿದರು. ‘ಚಂದ ಐತಿ. ಆದ್ರ ಇದು ಏನು ಮಾರ್ಕು?’ ಅಂದರು. ತೆನೆ, ಹೊಳೆ ಅಂತ ವಿವರಿಸಿದೆ. ‘ಅಲ್ರೀ, ಮನಿಯಾಕಿ ಹುಡುಗನ್ನ ಅಂಗಡಿಗೆ ಕಳಿಸ್ತಾಳ. ಅವ ಏನಂತ ಕೇಳಬೇಕು?’

ನನಗೆ ಉತ್ತರ ಇರಲಿಲ್ಲ. ಆನೆ ಮಾರ್ಕು, ಗಿಳಿ ಮಾರ್ಕು, ಹುಲಿ ಮಾರ್ಕು. ನಮ್ಮ ಸಂತೆಯಲ್ಲಿ ಚಿತ್ರಕ್ಕೆ ಬಾಯಲ್ಲಿ ಹೇಳಲು ಬರುವ ಒಂದು ಹೆಸರು ಇರಲೇಬೇಕು. ಓದು ಬಾರದವರೂ ಚಿತ್ರ ನೋಡಿ ಗುರುತು ಹಿಡಿಯಬೇಕು, ಚಿತ್ರ ಕಾಣದಿದ್ದಾಗ ಹೆಸರು ಹೇಳಿ ಕೇಳಬೇಕು. ಆಮೇಲೆ ‘ಬೆಳ್ಳಕ್ಕಿ’ ಬಿಡಿಸಿ ತೋರಿಸಿದೆ. ಗದ್ದೆಯಲ್ಲಿ ಎತ್ತಿನ ಹಿಂದೆ ನಡೆಯುವ ಬಿಳಿ ಹಕ್ಕಿ. ಬೆಳ್ಳನೆಯ ಹಕ್ಕಿ ಬೆಳ್ಳಕ್ಕಿ, ಆದರೆ ಕಿವಿಗೆ ಬೆಳ್ಳನೆಯ ಅಕ್ಕಿ ಅಂತಲೂ ಕೇಳಿಸುತ್ತದೆ. ಅವರು ಕೊನೆಗೆ ಬೇರೆ ಹಕ್ಕಿಯನ್ನು ಆರಿಸಿಕೊಂಡರು, ಆ ಮಾತು ಬೇರೆ.

‘ಮಾರ್ಕು’ ಹಗುರವಾದ ಪದವೂ ಅಲ್ಲ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ‘ಮಾರ್ಕ್’ ಅನ್ನುವುದರ ಅರ್ಥದೊಳಗೆ ಚಿತ್ರ, ಬ್ರ್ಯಾಂಡ್, ಲೇಬಲ್, ಹೆಸರು, ಸಹಿ, ಪದ, ಅಕ್ಷರ, ಅಂಕಿ, ಸರಕಿನ ಆಕಾರ, ಪ್ಯಾಕಿಂಗ್, ಬಣ್ಣಗಳ ಜೋಡಣೆ ಎಲ್ಲ ಬರುತ್ತವೆ. ಅಂದರೆ ಕಾಯ್ದೆಯ ಪ್ರಕಾರ ಬ್ರ್ಯಾಂಡ್ ಕೂಡ ಒಂದು ಬಗೆಯ ಮಾರ್ಕು. ಸಂತೆಯವರ ಪದ ಕಾನೂನಿಗೂ ಹೊಂದುತ್ತದೆ. ಲೋಗೊಗೆ ಇನ್ನು ಮೇಲೆ ‘ಮಾರ್ಕು’ ಅಂತಲೇ ಬರೆಯುತ್ತೇನೆ. ಇದರ ಬಗ್ಗೆ ನನಗೆ ಅನುಮಾನ ಉಳಿದಿಲ್ಲ.

ಉಳಿದಿರುವುದು ‘ಬ್ರ್ಯಾಂಡ್’ ಮತ್ತು ‘ಬ್ರ್ಯಾಂಡಿಂಗ್’. ಬ್ರ್ಯಾಂಡ್ ಅಂದರೆ ‘ಹೆಸರು’ ಅಂತ ನನ್ನ ಅಭಿಪ್ರಾಯ. ‘ಅವರದು ಹೆಸರಿರುವ ಅಂಗಡಿ’, ‘ಹೆಸರು ಕೆಡಿಸಿಕೊಂಡರು’, ‘ಅಪ್ಪನ ಹೆಸರು ಉಳಿಸಿದ’ ಅನ್ನುತ್ತೇವೆ. ಬ್ರ್ಯಾಂಡ್ ಹೇಳುವುದೆಲ್ಲ ಇದರಲ್ಲಿದೆ. ಆದರೆ ಹೆಸರು ಮಾಡುವವರು ಅವರು. ಒಳ್ಳೆಯ ಅಕ್ಕಿ ಕೊಟ್ಟು, ತೂಕ ಸರಿ ಕೊಟ್ಟು ಹೆಸರು ಗಳಿಸಬೇಕು. ಅದನ್ನು ನಾನು ಮಾಡಿಕೊಡುತ್ತೇನೆ ಅಂತ ಬರೆದರೆ ಸುಳ್ಳಾಗುತ್ತದೆ. ನಾನು ಮಾಡುವುದು, ಚೀಲ ನೋಡಿದರೂ ಬೋರ್ಡು ನೋಡಿದರೂ ಫೋನಿನಲ್ಲಿ ಕಂಡರೂ ‘ಓ, ಇದು ಅವರದೇ’ ಅಂತ ಜನ ಹಿಡಿಯುವ ಹಾಗೆ.

ಇದಕ್ಕೆ ‘ಗುರುತು’ ಸರಿ ಅನ್ನಿಸುತ್ತದೆ. ಗುರುತು ಅಂದರೆ ಮೈಮೇಲಿನ ಕಲೆಯೂ ಹೌದು, ಪರಿಚಯವೂ ಹೌದು. ‘ಅವರ ಗುರುತಿದೆ’ ಅಂದರೆ ಅವರನ್ನು ಬಲ್ಲೆ ಅಂತ. ‘ಗುರುತು ಸಿಗಲಿಲ್ಲ’, ‘ಗುರುತಿನವರು’, ‘ಗುರುತು ಹಿಡಿ’, ‘ಗುರುತಿನ ಚೀಟಿ’. ಮೈಮೇಲೆ ಇರುವುದು, ಮನಸ್ಸಿನಲ್ಲಿ ಉಳಿಯುವುದು, ಎರಡನ್ನೂ ಒಂದೇ ಪದ ಹೇಳುತ್ತದೆ. ಹಾಗಾಗಿ ನನ್ನ ಹಾಳೆಯಲ್ಲಿ ಈಗ ಒಂದು ಸಾಲಿನ ಬದಲು ಹೀಗಿದೆ: ‘ಮಾರ್ಕು’ ಒಂದು ದರ. ‘ಚೀಲ, ಬೋರ್ಡು, ಬಿಲ್ ಪುಸ್ತಕ’ ತಲಾ ಒಂದೊಂದು ದರ. ‘ಬಣ್ಣ ಮತ್ತು ಅಕ್ಷರದ ನಿಯಮ’ ಇನ್ನೊಂದು ದರ. ಇವೆಲ್ಲಕ್ಕೂ ಮೇಲೆ ಒಂದು ತಲೆಬರಹ ಬೇಕು. ಅದು ಕ್ರಿಯೆಯನ್ನು ಹೇಳುವ ಪದ ಆಗಬೇಕು.

ನನ್ನ ಪ್ರಶ್ನೆ ಇದು. ‘ಚಿತ್ರಗಾರಿಕೆ’, ‘ಬೇಟೆಗಾರಿಕೆ’ ಇರುವ ಹಾಗೆ ‘ಗುರುತುಗಾರಿಕೆ’ ಅಂತ ಮಾಡಬಹುದೇ? ‘ಗುರುತುಗಾರ’ ಅನ್ನುವ ಪದ ಬಳಕೆಯಲ್ಲಿ ಇಲ್ಲದೆ ಅದರಿಂದ ‘ಗಾರಿಕೆ’ ಕಟ್ಟಿದರೆ ಕನ್ನಡದ ಜಾಯಮಾನಕ್ಕೆ ಒಗ್ಗುತ್ತದೆಯೇ? ಅಥವಾ ‘ಗುರುತು ಕಟ್ಟುವುದು’ ಅಂತ ಎರಡು ಪದದಲ್ಲೇ ಬಿಡುವುದು ವಾಸಿಯೇ? ‘ಗುರುತಿಸುವಿಕೆ’ ಬೇಡ. ಅದು ನೋಡುವವರ ಕೆಲಸ, ಮಾಡುವವರದಲ್ಲ.

ಜೊತೆಗೆ ಇನ್ನೊಂದು. ‘ಫ್ರೀಲ್ಯಾನ್ಸ್’ ಅಂದರೆ ನಮ್ಮ ಗಿರಾಕಿಗಳಿಗೆ ಕೇಳಿಸುವುದು ‘ಫ್ರೀ’ ಮಾತ್ರ. ಪತ್ರಿಕೆಗಳು ‘ಹವ್ಯಾಸಿ ಪತ್ರಕರ್ತ’ ಅನ್ನುತ್ತವೆ. ಆದರೆ ಇದು ನನ್ನ ಹವ್ಯಾಸ ಅಲ್ಲ, ಇದರಲ್ಲೇ ಮನೆ ನಡೆಯುತ್ತದೆ. ‘ಸ್ವತಂತ್ರ ಡಿಸೈನರ್’ ಅಂದರೆ ಹೋರಾಟಗಾರರ ನೆನಪಾಗುತ್ತದೆ. ‘ಗುತ್ತಿಗೆ’ ಅಂದರೆ ರಸ್ತೆ, ಚರಂಡಿ. ಜೀನ್ಸ್ ಘಟಕದವರು ಪೀಸಿನ ಲೆಕ್ಕದಲ್ಲಿ ಹೊಲಿಯುವುದಕ್ಕೆ ‘ಪೀಸ್ ಕೆಲಸ’ ಅನ್ನುತ್ತಾರೆ. ‘ಬಿಡಿಗೆಲಸ’, ‘ಬಿಡಿಗೆಲಸದವರು’ ಅನ್ನುವುದು ನಿಮ್ಮ ಕಡೆ ಬಳಕೆಯಲ್ಲಿದೆಯೇ? ಕೇಳಿದರೆ ಕೀಳು ಅನ್ನಿಸುತ್ತದೆಯೇ?

ರಾಯಚೂರಿನ ಹತ್ತಿ ಮಂಡಿಗಳಲ್ಲಿ, ಗಂಗಾವತಿಯ ರೈಸ್ ಮಿಲ್‌ಗಳಲ್ಲಿ, ಕಿನ್ನಾಳದ ಗೊಂಬೆ ಮಾಡುವವರಲ್ಲಿ ಬಳಕೆಯಿರುವವರು ಇದ್ದರೆ ಒಂದು ಸಹಾಯ ಮಾಡಿ. ಒಬ್ಬರ ಮಾಲನ್ನು ಇನ್ನೊಬ್ಬರ ಮಾಲಿನಿಂದ ಬೇರೆ ಅಂತ ತೋರಿಸಲು ಹಾಕುವ ಗುರುತಿಗೆ ಅವರು ಏನನ್ನುತ್ತಾರೆ, ಆ ಗುರುತು ಹಾಕುವ ಕೆಲಸಕ್ಕೆ ಏನನ್ನುತ್ತಾರೆ ಅಂತ ಕೇಳಿ ತಿಳಿಸಿ. ಅವರು ಹೇಳಿದ ಹಾಗೆಯೇ ಬರೆಯಿರಿ, ತಿದ್ದಬೇಡಿ.